ಎಡಗಿವಿಯ ತಮಟೆ

ಬೆಳಿಗ್ಗೆ ಎದ್ದ ಕೂಡಲೇ ಇಂತಾನಿ ದಿಂಬು ಮುಟ್ಟಿ ನೋಡುತ್ತಿದ್ದಳು. ಒದ್ದೆಯಾಗಿದ್ದರೆ ಕಿವಿ ಇನ್ನೂ ಸೋರುತ್ತಿದೆ ಎಂದರ್ಥ. ಇವತ್ತೂ ಹೆಬ್ಬೆರಳಿನಗಲ ಒದ್ದೆಯಿತ್ತು. ದಿಂಬನ್ನು ಮಗುಚಿ ಹಾಕಿ ಮತ್ತೆ ತಲೆಯಿಟ್ಟಳು. ಮನೆಯ ಕೆಳಗೆ ನೀರು ಕಂಬಗಳಿಗೆ ತಾಗುವ ಸದ್ದು, ಪಕ್ಕದ ಮನೆಯಲ್ಲಿ ಮರಗೆಣಸು ತುರಿಯುವ ಸದ್ದು, ದೂರದಲ್ಲಿ ಮೋಟಾರು ದೋಣಿ ಕೆಮ್ಮಿಕೊಂಡು ಹೊರಡುವ ಸದ್ದು, ಎಲ್ಲವೂ ಬಲಗಡೆಯಿಂದಲೇ ಬಂದವು. ಎಡಗಡೆ ಒಂದು ಸಣ್ಣ ಸಿಳ್ಳೆ ಬಿಟ್ಟರೆ ಏನೂ ಇರಲಿಲ್ಲ. ಆ ಎಡಗಡೆಯಲ್ಲೇ ಅವಳ ಗಂಡ ಕಾಲ್ಬಿ ಬಾಯಿ ತೆರೆದು ಮಲಗಿದ್ದ. ಗೊರಕೆ ಹೊಡೆಯುತ್ತಿದ್ದಾನೆಂದು ಅವನ ಎದೆ ಏರಿಳಿಯುವುದನ್ನು ನೋಡಿಯೇ ತಿಳಿಯಬೇಕಾಗಿತ್ತು. ಅವಳು ಮೊಣಕೈ ಊರಿ ಎದ್ದು ಅವನ ಕಿವಿಯನ್ನು ನೋಡಿದಳು. ಈಚೆಗೆ ಅದೊಂದು ಚಾಳಿಯಾಗಿತ್ತು. ಹೊರಗಿನಿಂದ ನೋಡಿದರೆ ಅವನದೂ ಕಿವಿಯೇ, ತನ್ನದೂ ಕಿವಿಯೇ. ಹಾಳಾದದ್ದೆಲ್ಲ ಒಳಗೆ. ಅವನದನ್ನು ಸಮುದ್ರ ಹಾಳು ಮಾಡಿತ್ತು, ತನ್ನದನ್ನು ಇವನು. ಇವತ್ತು ಊರಿನ ಮುಖಂಡ ಪಂಗ್ಲಿಮಾನ ಮಗಳ ಮದುವೆ. ಸಂಜೆ ಊರಿನವರೆಲ್ಲರ ಮುಂದೆ ಇವನು ಕುಣಿಯುತ್ತಾನೆ, ತಾನು ಜಾಗಟೆ ನುಡಿಸಬೇಕು. ಇವನು ಎಡವಲಿ, ಊರೆಲ್ಲ ನೋಡುವ ಹಾಗೆ ಎಡವಲಿ ಎಂದು ಅವಳು ಹಲ್ಲು ಕಚ್ಚಿ, ದೇವರಿಗೂ ಕೇಳದ ಹಾಗೆ ಅಂದುಕೊಂಡಳು.

ಈ ಊರಿನ ಗಂಡಸರೆಲ್ಲ ಕಿವಿ ಒಡೆದುಕೊಂಡವರೇ. ಮೀಸೆ ಮೂಡುವ ಹೊತ್ತಿಗೆ ಅಪ್ಪನೋ ಮಾವನೋ ಹವಳದ ದಿಬ್ಬದಾಚೆ ಕರೆದುಕೊಂಡು ಹೋಗಿ ಮುಳುಗಿಸುತ್ತಾರೆ, ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು. ತಲೆಯೊಳಗೆ ಏನೋ ಪಟ್ಟೆನ್ನುವ ತನಕ. ಮೂಗಲ್ಲಿ ಕಿವಿಯಲ್ಲಿ ರಕ್ತ ಬರುತ್ತದೆ, ನಾಲ್ಕಾರು ದಿನ ತಲೆ ಸುತ್ತಿ ಚಾಪೆ ಬಿಟ್ಟು ಏಳಲಾಗುವುದಿಲ್ಲ. ಅದು ಮುಗಿದ ಮೇಲೆ ಸಮುದ್ರ ನೋಯಿಸುವುದಿಲ್ಲ. ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಎಲ್ಲರೂ ದೋಣಿಯಿಂದ ದೋಣಿಗೆ ಅರಚಿಕೊಂಡೇ ಮಾತಾಡುತ್ತಾರೆ, ಅದಕ್ಕೆ ಯಾರೂ ನಾಚುವುದಿಲ್ಲ. ಆದರೆ ಅವರು ಕುಣಿಯುವುದನ್ನೂ ಬಿಡುತ್ತಾರೆ. ಕಾಲ್ಬಿ ಒಬ್ಬ ಬಿಟ್ಟಿರಲಿಲ್ಲ. ತಲೆಗೂದಲು ನರೆತರೂ ಮದುವೆಯೆಂದರೆ ಅವನೇ ಎದ್ದು ನಿಲ್ಲಬೇಕು. ಭುಜ ಅಲುಗದೆ, ಬೆರಳು ಮಾತ್ರ ಹಿಂದಕ್ಕೆ ಬಾಗಿಸಿ, ಜಾಗಟೆಯ ಒಂದೊಂದು ಪೆಟ್ಟಿಗೂ ಒಂದೊಂದು ಹೆಜ್ಜೆ ಇಟ್ಟು ಅವನು ಕುಣಿದರೆ ಮುದುಕಿಯರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸುತ್ತಿದ್ದರು. 'ಸಮುದ್ರ ನನ್ನ ಕಿವಿ ಒಡೀತು, ಆದ್ರೆ ತಗೊಂಡು ಹೋಗಲಿಲ್ಲ ಕಣ್ರೋ' ಎಂದು ಅವನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ಊರು ನಂಬಿತ್ತು. ಮದುವೆಯಾದ ಹೊಸತರಲ್ಲಿ ಇಂತಾನಿಯೂ ನಂಬಿದ್ದಳು, ಒಂದು ದಿನ ಅವನ ಬೆನ್ನ ಹಿಂದೆಯೇ ಸೌದೆ ಸೀಳುವ ಕತ್ತಿ ತೂಗುಹಾಕಿದ ಪಾತ್ರೆಗಳಿಗೆ ಬಡಿದು ಊರೇ ಎದ್ದು ಕೂರುವಂತಾದರೂ ಅವನು ಬಲೆ ಹೆಣೆಯುತ್ತಲೇ ಕೂತಿದ್ದನ್ನು ನೋಡುವ ತನಕ. ಆದರೆ ಅವಳು ಬರಿಗಾಲಲ್ಲಿ ಹಲಗೆಯ ಮೇಲೆ ಒಂದು ಹೆಜ್ಜೆ ಇಟ್ಟಳೋ ಇಲ್ಲವೋ, ತಿರುಗಿ ನೋಡಿದ್ದ. ಓ, ಇವನು ಕಾಲಲ್ಲಿ ಕೇಳುತ್ತಾನೆ ಎಂದು ಅವಳಿಗೆ ಹೊಳೆದದ್ದು ಆಗ. ಹೊಸ ಹೆಂಡತಿಗೆ ಅದು ಹೆದರುವ ವಿಷಯವಾಗಿ ಕಾಣಲಿಲ್ಲ. ಇನ್ನಾರಿಗೂ ಗೊತ್ತಿಲ್ಲದ್ದು ತನಗೆ ಗೊತ್ತು ಎಂಬ ಹಿಗ್ಗೇ ಆಗಿತ್ತು.

ಅಂದಿನಿಂದ ಅವಳು ಅವನ ಕಿವಿಯಾಗಿ ಬಾಳಿದಳು. ಹಲಗೆದಾರಿಯಲ್ಲಿ ಯಾರಾದರೂ ಹಿಂದಿನಿಂದ ಕೂಗಿದರೆ ಅವನ ಮೊಣಕೈ ಚಿವುಟುತ್ತಿದ್ದಳು. ಅವನು ಕೇಳಿಸಿಕೊಂಡವನ ಹಾಗೆ ನಗುತ್ತ ತಿರುಗುತ್ತಿದ್ದ. ಸಾವಿನ ಮನೆಯಲ್ಲಿ ಯಾವಾಗ ತಲೆ ಬಗ್ಗಿಸಬೇಕು, ದೋಣಿ ಮಾರುವವನಿಗೆ ಯಾವಾಗ ಇಲ್ಲ ಎನ್ನಬೇಕು, ಎಲ್ಲಕ್ಕೂ ಒಂದು ಚಿವುಟು. ಇಷ್ಟು ವರ್ಷ ಚಿವುಟಿ ಚಿವುಟಿ ಅವನ ಮಾನ ಕಾಯ್ದ ಬೆರಳುಗಳನ್ನು ಅವಳು ಈಗ ಒಲೆಯ ಬೆಳಕಿನಲ್ಲಿ ನೋಡಿಕೊಂಡಳು, ನೀರಿಗೆ ಅಕ್ಕಿ ಸುರಿದಳು. ಒಂದು ಮಾತು ಜಾರಿದ್ದು ಎಂದರೆ ಆ ದಿನ ಒಂದೇ. ಅವನ ಜೊತೆ ಮೀನಿಗೆ ಮುಳುಗುವವರೆಲ್ಲ ಊಟಕ್ಕೆ ಬಂದಿದ್ದರು. ಹಿಂದೆ ನಿಂತು ಇನ್ನೊಂದು ಮೀನು ಹಾಕಲೇ ಎಂದು ಕೇಳಿದಳು, ಇವನು ಸುಮ್ಮನಿದ್ದ. ಮತ್ತೆ ಕೇಳಿದಳು. ಒಬ್ಬ ಹುಬ್ಬೇರಿಸಿದ. ಏನೋ ಹೇಳಿ ನಗಿಸಿ ಮುಚ್ಚಿಹಾಕೋಣ ಎಂದುಕೊಂಡು, 'ಬಿಡಿ, ಇವರು ಕಿವಿಯನ್ನ ಹವಳದ ದಿಬ್ಬದ ಹತ್ರನೇ ಒಣಗಿಹಾಕಿ ಬಂದಿದಾರೆ' ಎಂದಳು. ಎಲ್ಲರೂ ನಕ್ಕರು. ಕಾಲ್ಬಿ ನಗುವ ಬಾಯಿಗಳನ್ನು ಒಂದೊಂದಾಗಿ ನೋಡಿದ, ಆಮೇಲೆ ತಿರುಗಿ ಅವಳ ಬಾಯಿಯನ್ನು ನೋಡಿದ. ಎದ್ದವನೇ ಅಂಗೈ ಅಗಲಿಸಿ ಎಡಗಿವಿಯ ಮೇಲೆ ಬಿಟ್ಟ. ಒಳಗೆ ಪಟ್ಟೆಂದಿತು. ಗಂಡಸರು ಹೇಳುತ್ತಿದ್ದ ಅದೇ ಪಟ್ಟೆನ್ನುವ ಸದ್ದು, ಅವಳು ಸಮುದ್ರಕ್ಕೆ ಇಳಿಯದೆಯೇ ಕೇಳಿದಳು. 'ಈಗ ಇಬ್ರೂ ಸರಿಸಮ' ಎಂದ ಅವನು. ಆಗ ಅವರೆಲ್ಲ ಇನ್ನೂ ಜೋರಾಗಿ ನಕ್ಕದ್ದು ಅವಳಿಗೆ ಬಲಗಿವಿಯಲ್ಲಿ ಮಾತ್ರ ಕೇಳಿಸಿತು. ಕೆನ್ನೆ ಒರೆಸಿಕೊಂಡು ಉಳಿದವರಿಗೂ ಮೀನು ಬಡಿಸಿದಳು. ಅದನ್ನು ಮಾತ್ರ ಅವಳು ತನಗೇ ಕ್ಷಮಿಸಲಾರಳು. ಹೊಡೆಸಿಕೊಂಡದ್ದನ್ನಲ್ಲ, ಆಮೇಲೆ ಬಡಿಸಿದ್ದನ್ನು.

ಆಸ್ಪತ್ರೆಯ ದೋಣಿ ಬಂದಾಗ ಹೋಗಿ ತೋರಿಸಿದ್ದಳು. ದಡದ ಊರಿನ ನರ್ಸು, ಬಿಳಿ ಬಟ್ಟೆಗೆ ಎಲ್ಲಿ ಏನು ತಾಗೀತೋ ಎಂದು ಕೈ ಮಡಿಸಿಕೊಂಡೇ ಕೂತಿದ್ದವಳು, ಕಿವಿಗೆ ದೀಪ ಹಿಡಿದು ನೋಡಿ, 'ಒಳಗೆ ಒಂದು ತೆಳ್ಳಗಿನ ಪೊರೆ ಇರುತ್ತೆ. ತಮಟೆ ಅಂತೀವಿ. ಹರಿದಿದೆ' ಎಂದಳು. ಆಮೇಲೆ, 'ಮುಳುಗಿದ್ಯಾ?' ಎಂದು ಕೇಳಿದಳು. ಆ ಕಡೆಯವರಿಗೆ ಇಲ್ಲಿನ ಹರಿದ ಕಿವಿಗೆಲ್ಲ ಒಂದೇ ಕಾರಣ. ಇಂತಾನಿ 'ಹೂಂ' ಎಂದಳು. 'ಗಂಡಸರು ಒಡ್ಕೊಂಡಿದ್ದು ಸಾಲ್ದೂಂತ ಈಗ ನೀವೂ ಶುರು ಮಾಡಿದ್ರಾ? ಏನು ಜನವಮ್ಮ ನೀವು. ನೀರು ಸೋಕಿಸ್ಬೇಡ, ತಾನಾಗೇ ಕೂಡ್ಕೊಂಡ್ರೂ ಕೂಡ್ಕೊಳ್ಳುತ್ತೆ.' 'ನೀರು ಬಿಟ್ಟು ಎಲ್ಲಿಗೆ ಹೋಗ್ಲಿ ಮೇಡಂ, ಮನೆ ಇರೋದೇ ನೀರಿನ ಮೇಲೆ' ಎಂದು ಇಂತಾನಿ ಹೇಳಿದ್ದಕ್ಕೆ ಆಕೆ ನಕ್ಕಳು. ಗಂಡ ಹೊಡೆದ ಎನ್ನುವುದಕ್ಕಿಂತ ಮುಳುಗಿದೆ ಎನ್ನುವುದು ಸುಲಭವಾಗಿ ನಾಲಗೆಗೆ ಬಂದಿತ್ತು. ದೋಣಿಯಿಳಿದು ಬರುವಾಗ ಅದಕ್ಕೂ ಅವಳಿಗೆ ಮೈಯುರಿಯಿತು. ಇಷ್ಟು ವರ್ಷ ಅವನ ಸುಳ್ಳು ಕಾಯ್ದ ನಾಲಗೆ, ಕೇಳುವ ಮೊದಲೇ ಇನ್ನೊಂದನ್ನೂ ಕಾಯ್ದುಬಿಟ್ಟಿತ್ತು. ಅವಳಿಗೆ ತಮಟೆ ಡೋಲುಗಳ ಚರ್ಮ ಗೊತ್ತಿತ್ತು. ಮಳೆಗಾಲದಲ್ಲಿ ಡೋಲು ತಂಪು ಹಿಡಿದರೆ ಬಡಿಯುವ ಮುದುಕ ಅದನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳುತ್ತಿದ್ದ. ಮನೆಗೆ ಬಂದು ಬಟ್ಟೆ ಬಿಸಿ ಮಾಡಿ ಕಿವಿಗೆ ಒತ್ತಿಕೊಂಡಳು. ಏನೂ ಬಿಗಿಯಾಗಲಿಲ್ಲ.

ಆ ಮೇಲೆ ಕಿವಿ ತಮಟೆ ಎಂಬ ಮಾತು ಎಲ್ಲೆಲ್ಲೂ ಕೇಳತೊಡಗಿತು. ಮೊದಲೂ ಇತ್ತು, ಕಿವಿಗೆ ಬಿದ್ದಿರಲಿಲ್ಲ ಅಷ್ಟೇ. ಅಳುವ ಕೂಸಿಗೆ ತಾಯಿ, 'ಕಿವಿ ತಮಟೆ ಹರಿದುಹೋಗೋ ಹಾಗೆ ಕಿರುಚ್ಬೇಡ್ವೇ' ಎನ್ನುತ್ತಿದ್ದಳು. ಮಗ್ಗುಲ ಮನೆಯವನ ರೇಡಿಯೋಗೆ ಅವನ ಅತ್ತೆ ಅದನ್ನೇ ಅನ್ನುತ್ತಿದ್ದಳು. ತರಕಾರಿ ದೋಣಿಯವಳು ಭೋಂಕೆಂದು ಹಾರನ್ ಒತ್ತಿದರೆ ಹೆಂಗಸರೆಲ್ಲ ಒಟ್ಟಿಗೆ ಅನ್ನುತ್ತಿದ್ದರು. ಹರಿದದ್ದು ಹೇಗಿರುತ್ತದೆಂದು ಗೊತ್ತಿಲ್ಲದವರೇ ಅದನ್ನು ದಿನಕ್ಕೆ ಹತ್ತು ಸಲ ಹರಿಯುತ್ತಿದ್ದರು. ಒಮ್ಮೆ ಕಾಲ್ಬಿಯ ತಂಗಿ ಹಲ್ಮಾ, ತೂಗುಹಾಕಿದ ದೊಡ್ಡ ಜಾಗಟೆ ಬಡಿಯುವವಳು, ತಾಲೀಮಿನಲ್ಲಿ ಬಡಿಗೆ ನಿಲ್ಲಿಸಿ, 'ಅತ್ತಿಗೆ, ಎಡಗೈ ಯಾಕೆ ಹಾಗೆ ಬೀಳ್ತಿದೆ? ನಮ್ಮ ಕಿವಿ ತಮಟೆ ಹರೀಬೇಕು ಅಂತಾನಾ?' ಎಂದಿದ್ದಳು. ತಾನು ನುಡಿಸುವ ಕುಲಿಂತಾಂಗನ್ನಿನಲ್ಲಿ, ಮಲಗಿಸಿಟ್ಟ ಸಣ್ಣ ಜಾಗಟೆಗಳ ಆ ಸಾಲಿನಲ್ಲಿ, ಎಡಕ್ಕಿರುವ ದಪ್ಪ ದನಿಯವು ಇಂತಾನಿಗೆ ನೀರೊಳಗಿಂದ ಬಂದ ಹಾಗೆ ಕೇಳುತ್ತಿದ್ದವು. ಕೇಳಿಸಲೆಂದು ಗೊತ್ತಿಲ್ಲದೆ ಜೋರಾಗಿ ಹೊಡೆಯುತ್ತಿದ್ದಳು.  ಆ ಸಾಲಿನ ಮುಂದಿನ ಚಾಪೆ ಅವಳ ತಾಯಿಯದು, ತಾಯಿಯ ತಾಯಿಯದು. ಹಲ್ಮಾಳ ಕಣ್ಣು ಅದರ ಮೇಲೆ ಎಂದಿನಿಂದಲೂ ಇತ್ತು. ಕಿವಿ ಕೆಟ್ಟ ಹೆಂಗಸನ್ನು ಅಲ್ಲಿ ಯಾರು ಕೂರಿಸುತ್ತಾರೆ? ಅವನ ಒಂದು ಏಟು ಅಷ್ಟು ದೂರ ಹೋಗಿತ್ತು. 'ಹೊಸ ಬಡಿಗೆ ಕಣೇ, ಭಾರ' ಎಂದು ಹೇಳಿ, ಅವಳು ಅಂದಿನಿಂದ ಎಡಗೈಯನ್ನು ಅಳತೆಯ ಮೇಲೆ ಬೀಳಿಸಲು ಕಲಿತಳು.

ಈಗ ಅದೇ ಹಲ್ಮಾ ಹಲಗೆದಾರಿಯಲ್ಲಿ ದಡದಡ ಬಂದು ಬಾಗಿಲಲ್ಲಿ ನಿಂತಳು. ಮುಖಕ್ಕೆ ಬೆಳಗಿನಿಂದಲೇ ಅಕ್ಕಿಹಿಟ್ಟು ಬಳಿದುಕೊಂಡಿದ್ದಳು. 'ಅತ್ತಿಗೆ, ಜಾಗಟೆಗಳನ್ನ ತಗೊಂಡು ಹೋಗೋಕೆ ಬಂದಿದಾರೆ. ಪಂಗ್ಲಿಮಾನ ಮನೆ ಜಗಲಿಗಲ್ಲ, ಹೊಸಾ ಅಂಗಳಕ್ಕೆ. ಸಿಮೆಂಟು ಹಾಕ್ಸಿದಾನಲ್ಲ, ಊರಿಗೆಲ್ಲ ತೋರಿಸ್ಬೇಕಂತೆ ಅವನಿಗೆ. ಒಳ್ಳೇದೇ ಆಯ್ತು, ಹೋದ ಸಲ ಜಗಲಿ ಹಲಗೆ ಮುರಿದು ಸೊಸೆ ಒಂದು ಕಾಲು ನೀರಿಗೆ ಹಾಕಿದ್ಲು.' ಇಂತಾನಿ ಅನ್ನದ ಪಾತ್ರೆ ಇಳಿಸುತ್ತಿದ್ದವಳು ಇಳಿಸಿದಲ್ಲೇ ಹಿಡಿದು ನಿಂತಳು. ಸಿಮೆಂಟು. ದಡದ ಹತ್ತಿರ ಕಲ್ಲು ಮಣ್ಣು ತುಂಬಿ ಮೇಲೆ ಸಿಮೆಂಟು ಬಳಿದ ನೆಲ. ಅಲ್ಲಿ ಆನೆ ಬಂದು ನಡೆದರೂ ಕಾಲಿಗೆ ತಿಳಿಯುವುದಿಲ್ಲ. 'ಅಣ್ಣನಿಗೆ ಹೇಳ್ಲಾ?' ಎಂದಳು ಹಲ್ಮಾ. 'ನಾನು ಹೇಳ್ತೀನಿ ಹೋಗು' ಎಂದಳು ಇಂತಾನಿ. ಒಳಗೆ ಏನೋ ಒಂದು ಹದವಾಗಿ ಬೆಂದ ಹಾಗೆ ಅನಿಸಿತು. ತಾನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದೇನು ಅವಳಿಗೆ ಹೊಸತೇ.

ಕಾಲ್ಬಿ ಎದ್ದು, ಮಿಂದು, ಬಾಗಿಲಿಗೆ ಬೆನ್ನು ಮಾಡಿ ಕೂತು ಉಂಡ. ಅವಳು ಬೇಕೆಂದೇ ಎದುರಿಗೆ ಬಂದು, ಬಾಯಿ ಚೆನ್ನಾಗಿ ಆಡಿಸಿ, 'ಇನ್ನೊಂದು ಮೀನು ಹಾಕ್ಲಾ?' ಎಂದಳು. ಅವನು ಬೇಡವೆಂದು ತಲೆಯಾಡಿಸಿದ. ಆ ದಿನದ ನೆನಪೇ ಅವನಿಗಿರಲಿಲ್ಲ. ಏಟು ಕೊಟ್ಟವನಿಗೆ ಅದು ಅವತ್ತೇ ಮುಗಿದುಹೋಗುತ್ತದೆ, ತಿಂದವಳಿಗೆ ದಿನಾ ಬೆಳಗಾದರೆ ದಿಂಬು ಒದ್ದೆ. ಕುಣಿಯುವಾಗ ಬೆರಳಿಗೆ ಸಿಕ್ಕಿಸುವ ಉದ್ದನೆಯ ಹಿತ್ತಾಳೆ ಉಗುರುಗಳನ್ನು ತಿಕ್ಕಿ ಹೊಳೆಯಿಸುತ್ತ ಅವನು ಎಂದಿನ ಹಾಗೆ ಕೇಳಿದ, 'ಎಲ್ಲಿ ಕೂತ್ಕೊಳ್ತೀಯ ನೀನು?' ಪ್ರತಿ ಮದುವೆಗೂ ಅವನು ಕೇಳುವ ಮಾತು ಅದು. 'ಎಲ್ಲಿ ಕೂರ್ಸಿದ್ರೆ ಅಲ್ಲಿ' ಎಂದಳು. 'ಎದುರಿಗೇ ಕೂತ್ಕೊ. ಕಂಬದ ಮರೆಗೆ ಕೂತ್ಕೋಬೇಡ. ನಿನ್ನ ನೋಡ್ತಾ ಇದ್ರೇನೇ ನಂಗೆ ಕುಣಿಯೋಕಾಗೋದು.' ಇದನ್ನೂ ಅವನು ಹೊಸದಾಗಿ ಹೇಳುತ್ತಿರಲಿಲ್ಲ. ಈ ಮಾತಿಗೆ ಅವಳು ಎಷ್ಟು ವರ್ಷ ಕರಗಿದ್ದಳು. ನಿನ್ನ ಗಂಡನ ಕಣ್ಣು ನಿನ್ನ ಬಿಟ್ಟು ಆಚೀಚೆ ಹೋಗಲ್ಲವಲ್ಲೇ ಎಂದು ಹೆಂಗಸರು ಕೆನ್ನೆ ತಿವಿದಾಗ ತಲೆ ತಗ್ಗಿಸಿ ಜಾಗಟೆಗಳನ್ನೇ ನೋಡುತ್ತ ನುಡಿಸಿದ್ದಳು. ಅವಳಿಗೆ ಜ್ವರ ಬಂದ ವರ್ಷ ಹಲ್ಮಾ ನುಡಿಸಲು ಕೂತರೆ, ಅವಳಿಲ್ಲದೆ ನಾನು ಕುಣಿಯಲ್ಲ ಎಂದು ಇವನು ಎದ್ದುಬಂದಿದ್ದ. ಆ ಕತೆ ಪಕ್ಕದ ದ್ವೀಪದವರೆಗೂ ಹೋಗಿ, ಅಲ್ಲಿನ ಹೆಂಡಂದಿರು ತಮ್ಮ ಗಂಡಂದಿರನ್ನು ಹಂಗಿಸಿದ್ದರಂತೆ. ಹೊಡೆದ ಮೇಲೂ ಅವಳಲ್ಲಿ ಸಾಯದೆ ಉಳಿದಿದ್ದದ್ದು ಅದೊಂದೇ. ಕೈ ಕೆಟ್ಟದ್ದು, ಕಣ್ಣು ಕೆಟ್ಟದ್ದಲ್ಲ. ಹೀಗೆ ಅಂದುಕೊಂಡಾಗೆಲ್ಲ ಸಿಟ್ಟು ಸ್ವಲ್ಪ ಸಡಿಲವಾಗುತ್ತಿತ್ತು. ಸಡಿಲವಾದದ್ದಕ್ಕೆ ಮತ್ತೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. 'ಆಯ್ತು, ಎದುರಿಗೇ ಕೂತ್ಕೊಳ್ತೀನಿ' ಎಂದಳು. ಸಿಮೆಂಟಿನ ಮಾತು ಎತ್ತಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅಂಗಳ ತುಂಬಿತ್ತು. ಮದುಮಗಳು ಮುಖಕ್ಕೆ ಬಿಳಿ ಬಳಿದುಕೊಂಡು, ರೆಪ್ಪೆ ಎತ್ತದೆ, ಕೂರಿಸಿದಲ್ಲಿ ಕೂತಿದ್ದಳು. ಪಂಗ್ಲಿಮಾ ಹೊಸ ನೆಲದ ಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಾಡುತ್ತಿದ್ದ. ಇಂತಾನಿಯ ಬಲಕ್ಕೆ ಹಲ್ಮಾ ಮತ್ತು ತೂಗುಜಾಗಟೆ, ಅವಳಾಚೆ ಡೋಲಿನ ಮುದುಕ. ಎಡಕ್ಕೆ ಊರಿಗೆಲ್ಲ ಹಿರಿಯಳಾದ ಬಿಲಾಂಗ್ ಅಜ್ಜಿ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದಳು. ಕಾಲ್ಬಿ ಎದ್ದು ಬಂದ. ಸಿಮೆಂಟಿಗೆ ಪಾದ ಊರಿದಾಗ ಅವನ ಮುಖದಲ್ಲಿ ಏನಾದರೂ ಕಾಣುತ್ತದೆಯೋ ಎಂದು ಅವಳು ಕಾದಳು. ಏನೂ ಕಾಣಲಿಲ್ಲ. ಅವನು ಕೈಗಳನ್ನು ಸೊಂಟದ ಮಟ್ಟಕ್ಕೆ ತಂದು, ಕಣ್ಣು ಅವಳ ಕಡೆ ಇಟ್ಟು ನಿಂತ. ಅವಳು ಶುರು ಮಾಡಿದಳು. ಈಗ ತಪ್ಪುತ್ತಾನೆ, ಈಗ ತಪ್ಪುತ್ತಾನೆ. ಅವನು ತಪ್ಪಲಿಲ್ಲ. ಪೆಟ್ಟಿಗೆ ಸರಿಯಾಗಿ ಹಿಮ್ಮಡಿ ತಿರುಗಿತು, ಪೆಟ್ಟಿಗೆ ಸರಿಯಾಗಿ ಹಿತ್ತಾಳೆ ಉಗುರು ಬಾಗಿತು. ಅವಳು ಓಟ ಹೆಚ್ಚಿಸಿದಳು, ಅವನೂ ಹೆಚ್ಚಿಸಿದ. ನಿಧಾನಿಸಿದಳು, ಅವನ ಮಂಡಿ ಅಷ್ಟೇ ನಿಧಾನವಾಗಿ ಮಡಿಯಿತು. ಮುದುಕಿಯರು ಜಗಿಯುವುದನ್ನು ನಿಲ್ಲಿಸಿದರು. 'ನೋಡ್ರೇ, ವಯಸ್ಸೇ ಆಗಲ್ಲ ಇವನಿಗೆ' ಎಂದು ಯಾರೋ ಅಂದದ್ದು ಬಲಗಿವಿಗೆ ಬಿತ್ತು.  ಹಲಗೆಯೂ ಇವನ ಕಡೆಗೇ, ಸಿಮೆಂಟೂ ಇವನ ಕಡೆಗೇ. ಹಾಗಾದರೆ ನನ್ನ ಕಡೆಗೆ ಯಾರು?

ಆಗ ಕಿವಿ ಸೋರಿತು. ಬೆಚ್ಚಗೆ ಒಂದು ಎಳೆ ಕತ್ತಿನ ಮೇಲೆ ಇಳಿಯುವುದು ತಿಳಿದು, ಯಾರಿಗಾದರೂ ಕಂಡೀತೆಂದು ಗಾಬರಿಯಿಂದ ಎರಡು ಬಡಿಗೆಗಳನ್ನೂ ಬಲಗೈಯಲ್ಲಿ ಹಿಡಿದು, ಎಡಗೈಯಿಂದ ಒರೆಸಿಕೊಂಡಳು. ಹಾಡು ನಿಲ್ಲಲಿಲ್ಲ. ಹಲ್ಮಾ ಜಾಗಟೆಯನ್ನು, ಮುದುಕ ಡೋಲನ್ನು ಬಿಡದೆ ಬಡಿಯುತ್ತಿದ್ದರು, ಅಂಗಳವೆಲ್ಲ ಸದ್ದೇ ಇತ್ತು. ಆದರೆ ಕಾಲ್ಬಿಯ ಬಲಗಾಲು ಎತ್ತಿದಲ್ಲೇ ನಿಂತಿತ್ತು. ಕೈಯೂ ನಿಂತಿತ್ತು. ಅವಳು ಮತ್ತೆ ಬಡಿಗೆ ಎತ್ತಿದ್ದೇ ಆ ಕಾಲು ನೆಲಕ್ಕೆ ಬಂತು. ನೋಡುವವರಿಗೆ ಅದೊಂದು ಹೊಸ ಬೆಡಗಿನ ಹಾಗೆ ಕಂಡು, ಅವರು ಹೋ ಎಂದರು. ಇಂತಾನಿ ನುಡಿಸುತ್ತ ಮೊದಲ ಸಲ ನೇರವಾಗಿ ಅವನ ಕಣ್ಣನ್ನು ನೋಡಿದಳು. ಅದು ಅವಳ ಮುಖದ ಮೇಲೆ ಇರಲಿಲ್ಲ. ಒಂದು ಗೇಣು ಕೆಳಗಿತ್ತು. ಅವಳು ಎಡ ಬಡಿಗೆಯನ್ನು ಜಾಗಟೆಗೆ ತಾಗಿಸದೆ ಸುಮ್ಮನೆ ಎತ್ತಿ ಇಳಿಸಿದಳು. ಅವನ ಎಡಗೈ ಎದ್ದು ಇಳಿಯಿತು.

ಎಷ್ಟು ಮದುವೆಗಳು, ಎಷ್ಟು ಸಂಜೆಗಳು. ಅವಳು ಕೆನ್ನೆ ಕೆಂಪಾಗಿಸಿಕೊಂಡು ತಗ್ಗಿಸಿದ ತಲೆ. ಎದುರಿಗೇ ಕೂತ್ಕೊ. ಕಂಬದ ಮರೆಗೆ ಬೇಡ. ಅವಳಿಲ್ಲದೆ ನಾನು ಕುಣಿಯಲ್ಲ. ಅವಳಲ್ಲ, ಅವಳ ಎರಡು ಬಡಿಗೆ. ಕಾಲಿಗೆ ಹಲಗೆ ಹೇಗೋ, ಕಣ್ಣಿಗೆ ಅವಳು ಹಾಗೆ. ಕಪಾಳಕ್ಕೆ ಬಿದ್ದದ್ದು ಏನೂ ಅಲ್ಲ ಎನಿಸಿತು. ಆ ಏಟು ಒಂದು ಕಿವಿ ತೆಗೆದಿತ್ತು, ಇದು ಹಿಂದಿನ ವರ್ಷಗಳನ್ನೆಲ್ಲ ತೆಗೆದುಕೊಂಡು ಹೋಯಿತು. ಅವತ್ತೂ ಅವನು ಹೊಡೆದದ್ದು ಈ ಕೈಗಳಿಗಲ್ಲ, ಕೈ ಉಳಿಸಿಕೊಂಡು ಕಿವಿಗೆ ಹೊಡೆದಿದ್ದ. ಕಿವಿ ಅವನಿಗೆ ಬೇಕಾಗಿರಲಿಲ್ಲ, ಅದಕ್ಕೇ. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಬದಲಿಗೆ ಮೈಯೆಲ್ಲ ಹಗುರವಾಗಿ, ಮುಂದೆ ಏನು ಮಾಡಬೇಕೆಂದು ಸ್ಪಷ್ಟವಾಗಿ ತಿಳಿಯಿತು.

ಹಾಡು ಮುಗಿಸುವುದಕ್ಕೆ ಮುಂದೆ ಕೂತವಳ ಗುರುತು ಒಂದಿದೆ. ಗಲ್ಲವನ್ನು ಬಲಕ್ಕೆ ಒಮ್ಮೆ ಎತ್ತಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಒಂದೇ ಕೊನೆಯ ಪೆಟ್ಟು ಕೊಟ್ಟು ನಿಲ್ಲಿಸಬೇಕು. ಅವನು ಇನ್ನೂ ಅರ್ಧಕ್ಕೆ ಬಂದಿರಲಿಲ್ಲ. ಇಂತಾನಿ ಹಲ್ಮಾಳ ಕಡೆಗೆ ಗಲ್ಲ ಎತ್ತಿದಳು. ಹಲ್ಮಾ ಇಷ್ಟು ಬೇಗವೇ ಎಂಬಂತೆ ನೋಡಿದಳು, ಆದರೂ ಬಡಿದಳು. ಮುದುಕನೂ ಬಡಿದ. ಜಾಗಟೆಯ ಕೊನೆಯ ಗುಂಯ್ ಎನ್ನುವುದನ್ನು ಹಲ್ಮಾ ಅಂಗೈ ಒತ್ತಿ ಅಡಗಿಸಿದಳು. ಅಂಗಳ ನಿಶ್ಶಬ್ದವಾಯಿತು. ಇಂತಾನಿಯ ಕೈಗಳು ಮಾತ್ರ ನಿಲ್ಲಲಿಲ್ಲ. ಜಾಗಟೆಗಳ ಮೇಲೆ ಒಂದು ಬೆರಳು ಅಂತರದಲ್ಲಿ, ಎಲ್ಲೂ ತಾಗದೆ, ಅವು ಹಾಡನ್ನು ಮುಂದುವರಿಸಿದವು. ಕಾಲ್ಬಿ ಕುಣಿಯುತ್ತಿದ್ದ.

ಮೊದಲು ಯಾರೋ ನಕ್ಕರು, ಹೊಸ ತಮಾಷೆಯೆಂದು. ಆ ನಗು ಅಲ್ಲೇ ಒಣಗಿತು. ಸಿಮೆಂಟಿನ ಮೇಲೆ ಅವನ ಪಾದ ಪಟಪಟ ಬೀಳುವ ಸದ್ದು, ಹಿತ್ತಾಳೆ ಉಗುರುಗಳು ಒಂದಕ್ಕೊಂದು ತಾಕುವ ಸದ್ದು, ಅವನ ಏದುಸಿರು, ಇಷ್ಟೇ ಇತ್ತು. ಯಾವುದೂ ಅವನಿಗೆ ಕೇಳುತ್ತಿರಲಿಲ್ಲ. ಮದುಮಗಳು ಎತ್ತಬಾರದ ರೆಪ್ಪೆ ಎತ್ತಿ ನೋಡುತ್ತಿದ್ದಳು. ಅವತ್ತು ಊಟಕ್ಕೆ ಬಂದು ನಕ್ಕವರು ಮುಂದಿನ ಸಾಲಿನಲ್ಲೇ ಇದ್ದರು, ನೆಲ ನೋಡುತ್ತ. 'ಅತ್ತಿಗೆ' ಎಂದಳು ಹಲ್ಮಾ, ಬಲಗಿವಿಗೆ ಬಹಳ ಹತ್ತಿರ ಬಂದು. 'ಅಣ್ಣಂಗೆ ಕೇಳಲ್ವಾ? ಎಷ್ಟು ದಿನದಿಂದ?' 'ಮದ್ವೆಯಾದಾಗಿಂದ ನಾನು ಮುಚ್ಚಿಟ್ಟಿದ್ದೆ. ಇನ್ನು ನೀನು ಬೇಕಾದ್ರೆ ಮುಚ್ಚಿಡು' ಎಂದಳು ಇಂತಾನಿ, ಕೈಯಾಡಿಸುತ್ತಲೇ. ಕಾಲ್ಬಿಯ ಹಣೆಯಲ್ಲಿ ಬೆವರು ಹೊಳೆಯುತ್ತಿತ್ತು. ಮುಖದಲ್ಲಿ ಅದೇ ತೃಪ್ತಿ, ತುಟಿಯಂಚಿನಲ್ಲಿ ಅದೇ ಸಣ್ಣ ನಗು. ಜನ ಉಸಿರು ಬಿಗಿಹಿಡಿದದ್ದು ತನ್ನ ಕುಣಿತಕ್ಕೇ ಎಂದು ಅವನು ತಿಳಿದಿರಬೇಕು. ಅವನು ಎಂದೂ ಇಷ್ಟು ಚೆನ್ನಾಗಿ ಕುಣಿದಿರಲಿಲ್ಲ. ಅವಳು ಕೈ ಬಿಟ್ಟ ಗಳಿಗೆ ಅವನು ತಲೆಯೆತ್ತುತ್ತಾನೆ, ಈ ಮುಖಗಳನ್ನೆಲ್ಲ ಒಂದೊಂದಾಗಿ ನೋಡುತ್ತಾನೆ. ಅವತ್ತು ನಗುವ ಬಾಯಿಗಳನ್ನು ನೋಡಿದ ಹಾಗೆ.

ಎಡಗಡೆಯಿಂದ ಯಾರೋ ಅವಳ ಸೆರಗು ಜಗ್ಗಿದರು. ತಿರುಗಿದಳು. ಬಿಲಾಂಗ್ ಅಜ್ಜಿಯ ಕಣ್ಣಲ್ಲಿ ನೀರು ತುಂಬಿತ್ತು, ಎಲೆಯಡಿಕೆಯಿಂದ ಕೆಂಪಾದ ಬಾಯಿ ಆಡುತ್ತಿತ್ತು. ಸಾಕು ಮಗಳೇ ಎಂದಿರಬಹುದು, ಬಿಟ್ಟುಬಿಡು ಎಂದಿರಬಹುದು. ಆ ಕಡೆಯ ಮಾತು ಇಂತಾನಿಗೆ ಕೇಳಿಸುವುದಿಲ್ಲ. ಅವಳು ಮುಖ ಮುಂದಕ್ಕೆ ತಿರುಗಿಸಿಕೊಂಡು, ಕೈಗಳ ಓಟವನ್ನು ಸ್ವಲ್ಪ ಹೆಚ್ಚಿಸಿದಳು.